ವಿನಂತಿಸಿಕೊಳ್ಳುವುದೇನೆಂದರೆ

ಗೆ,
ಎಂದು ಬರೆದು, ಯಾರಿಗೆ ಅಂತ ಕೇಳಿದೆ.
ಒಬ್ಬರಿಗೂ ಗೊತ್ತಿರಲಿಲ್ಲ.
ಶಿಡ್ಲಘಟ್ಟದ ತಾಲ್ಲೂಕು ಕಚೇರಿ ಹೊಂಗೆಮರದ ಕೆಳಗೆ
ಇಪ್ಪತ್ತೆರಡು ವರ್ಷದಿಂದ ಅರ್ಜಿ ಬರೆಯುತ್ತಿದ್ದೇನೆ,
ಪಹಣಿ, ಪೋಡಿ, ಪೌತಿ ಖಾತೆ, ಪಡಿತರ.
ಔಷಧಿಗೆ ಅಂತ ಬರೆದದ್ದು ಇದೇ ಮೊದಲು.
ಜಿಲ್ಲಾಧಿಕಾರಿಗಳಿಗೇ ಇರಲಿ ಅಂದೆ, ಎಲ್ಲದಕ್ಕೂ ಅವರೇ.

ಏಳು ಜನ ಬಂದಿದ್ದರು. ಕೂರಲು ಆಗುವವರು ಮೂವರು.
ಪಿಳ್ಳಮುನಿಯಪ್ಪನಿಗೆ ಬೆನ್ನುಹುರಿ.
ನಸೀಬುನ್ನಿಸಾಗೆ ಎದೆಯ ಗಂಟು ತೆಗೆದ ಮೇಲೂ
ಉಳಿದುಹೋದ ಉರಿ.
ಗಂಗುಲಪ್ಪನ ಮಗನಿಗೆ ಫಿಟ್ಸು, ದಿನಕ್ಕೆ ಒಂಬತ್ತು ಸಲ,
ಎಣ್ಣೆ ಶುರುವಾದ ಮೇಲೆ ಒಂದು, ಕೆಲವು ದಿನ ಅದೂ ಇಲ್ಲ.
"ಎರಡು ಅಂತ ಬರೀರಿ ಸಾಮಿ, ಒಂದು ಅಂದ್ರೆ ನಂಬಲ್ಲ."

ಎಣ್ಣೆಯ ಹೆಸರು ವಿಜಯಾ. ಸೀಸೆ ಕಿರುಬೆರಳುದ್ದ.
ಊರಲ್ಲಿ ಅದನ್ನು ಭಂಗಿ ಅಂತಲೇ ಕರೆಯುತ್ತಾರೆ.
ಭಂಗಿ ಅಂದರೆ ಸೊಪ್ಪು. ಭಂಗಿ ಅಂದರೆ ನಿಲ್ಲುವ ರೀತಿಯೂ ಹೌದು.
ಪಿಳ್ಳಮುನಿಯಪ್ಪನಿಗೆ ಉಳಿದಿರುವುದು ಒಂದೇ:
ಎಡಗೈ ಮರಕ್ಕೆ, ಬಲಗೈ ಸೊಂಟಕ್ಕೆ.
ಫೋಟೋ ತೆಗೆಸಿಕೊಳ್ಳುವವನ ಹಾಗೆ
ಬೆಳಗಿನಿಂದ ನಿಂತಿದ್ದಾನೆ.

ನಿಜ ಹೇಳುತ್ತೇನೆ, ಮೊದಲು ನಾನೂ ನಕ್ಕಿದ್ದೆ.
ಗುಡ್ಡದ ಮಂಟಪದಲ್ಲಿ ಚಿಲುಮೆ ಎಳೆಯುವವರು
ಕಣ್ಣ ಮುಂದೆ ಬಂದಿದ್ದರು.
ಆಮೇಲೆ ನೋಡಿದೆ, ಗೋಣಿಯ ಮೇಲೆ ಆ ಹುಡುಗ.
ತುಟಿಯ ಮೇಲೆ ನೊಣ. ಅಪ್ಪ ಬಗ್ಗಿ ಉಸಿರು ನೋಡಿ
"ನಿದ್ದೆ, ಬರೀ ನಿದ್ದೆ" ಅಂದ.
ಏಳೂ ಜನ ಅಲ್ಲಿಂದ ಪಿಸುಮಾತಿನಲ್ಲೇ ನೋವು ಹೇಳಿದರು.

ಮಾನ್ಯರೇ,
ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ
ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ,
ಎಣ್ಣೆ ಚಿಕ್ಕಬಳ್ಳಾಪುರದಲ್ಲಿ ಮಾತ್ರ, ಮಂಗಳವಾರ ಮಾತ್ರ.
ಕೊಡುವುದು ಏಳು ದಿನದ್ದು.
ರೋಗಿಯೇ ಖುದ್ದಾಗಿ ಬರಬೇಕು,
ಬರಲಾರದಷ್ಟು ನೋವಿದ್ದರೆ ಬಂದು ತಿಳಿಸಬೇಕು.
ಕಾರ್ಡಿಗೆ ಮೂರು ತಿಂಗಳಿಗೊಮ್ಮೆ ಇಬ್ಬರು ಡಾಕ್ಟರ ಸಹಿ.
ಒಬ್ಬರು ಸಿಕ್ಕ ದಿನ ಇನ್ನೊಬ್ಬರು ರಜೆ.

ನಸೀಬುನ್ನಿಸಾ ಮೂವತ್ತು ವರ್ಷ
ಬಿಸಿನೀರ ಬಾಂಡಲೆಯಿಂದ ಗೂಡಿನ ಎಳೆ ತೆಗೆದವಳು.
ಬೆರಳ ತುದಿ ಸವೆದ ಸೋಪಿನಷ್ಟು ನುಣುಪು.
ಯಂತ್ರದ ಮೇಲೆ ಹೆಬ್ಬೆಟ್ಟಿಟ್ಟರೆ ಕೆಂಪು ದೀಪ.
ಒರೆಸಿಟ್ಟರೂ ಕೆಂಪು. ಉಗುಳು ಹಚ್ಚಿಟ್ಟರೂ ಕೆಂಪು.
ನೀನೇ ನೀನು ಅನ್ನೋದಕ್ಕೆ ಏನಮ್ಮ ಪುರಾವೆ,
ಅಂದನಂತೆ ಕೌಂಟರಿನ ಹುಡುಗ.
"ನೋಯ್ತಾ ಐತಲ್ಲ ಬೇಟಾ," ಅಂದಳಂತೆ,
"ಇದು ಬೇರೆಯವರ ಮೈಯಾಗಿದ್ರೆ ನಂಗ್ಯಾಕೆ ನೋಯ್ತಿತ್ತು?"

ಆ ಮಾತನ್ನು ಸೇರಿಸಲು ನೋಡಿದೆ.
ಅರ್ಜಿಯ ಕನ್ನಡದಲ್ಲಿ ಅದು ಕೂರಲಿಲ್ಲ.
ಸದರಿಯವರು ತೀವ್ರ ನೋವಿನಿಂದ ಬಳಲುತ್ತಿದ್ದು, ಎಂದು ಬರೆದೆ.
ಓದಿ ಹೇಳಿದಾಗ ಗಂಗುಲಪ್ಪ ತಲೆಯಾಡಿಸಿದ.
"ಬಳಲೋದು ಅಂದ್ರೆ ಸುಸ್ತು. ಇದು ಸುಸ್ತಲ್ಲ ಸಾಮಿ, ನೊಪ್ಪಿ."
ನೋವು, ನೊಪ್ಪಿ, ದರ್ದ್.
ಈ ಪೇಟೆಯಲ್ಲಿ ಮೂರು ಭಾಷೆಯಲ್ಲಿ ನರಳಬಹುದು.
ಬಳಲುತ್ತಿದ್ದು, ಹಾಗೇ ಉಳಿಯಿತು.

ಆದ್ದರಿಂದ ತಾವು ದಯಮಾಡಿ
ತಿಂಗಳಿಗಾಗುವಷ್ಟು ಒಮ್ಮೆಗೇ ಕೊಡಿಸಬೇಕೆಂದು,
ಮನೆಯವರು ಬಂದರೂ ಸಾಕೆಂದು,
ಬೆರಳಿಲ್ಲದವರಿಗೆ ಮುಖ ಸಾಕೆಂದು.

ಕೊನೆಗೆ ಸಹಿ.
ನಸೀಬುನ್ನಿಸಾ ಇಂಕುಪ್ಯಾಡಿಗೆ ಒತ್ತಿ ಕಾಗದಕ್ಕೆ ಒತ್ತಿದಳು.
ಒಂದೂ ಗೆರೆಯಿಲ್ಲದ ನೀಲಿ, ಅವರೆಕಾಳಿನಷ್ಟು.
ಪಕ್ಕದಲ್ಲಿ ಬರೆದೆ: ಇದು ಅವರದೇ ಎಡಗೈ ಹೆಬ್ಬೆಟ್ಟು,
ನನ್ನೆದುರೇ ಒತ್ತಿದ್ದು, ನಾನು ಕಣ್ಣಾರೆ ಕಂಡಿದ್ದೇನೆ.
ಬಿಕ್ಕಲಂ, ಅದರ ಕೆಳಗೆ ನನ್ನ ಹೆಸರು.

ಇವತ್ತು ಶುಕ್ರವಾರ. ಮಂಗಳವಾರಕ್ಕೆ ಇನ್ನೂ ನಾಲ್ಕು ದಿನ.
ಪಿಳ್ಳಮುನಿಯಪ್ಪ ಮರದಿಂದ ಕೈ ತೆಗೆದ.
ಜೇಬಿನ ಸೀಸೆಯ ಬಿರಡೆ ಹಲ್ಲಲ್ಲಿ ಕಚ್ಚಿ ಬಿಚ್ಚಿ
ಅವಳ ಖಾಲಿ ಸೀಸೆಯ ಬಾಯಿಗೆ ತನ್ನದನ್ನು ಬಗ್ಗಿಸಿ
ಒಕಟಿ, ರೆಂಡು, ಮೂಡು.
ಒಬ್ಬರದನ್ನು ಒಬ್ಬರಿಗೆ ಕೊಡಕೂಡದು,
ಅದು ಹನ್ನೊಂದನೇ ನಿಯಮ.
ನಾನು ಅತ್ತ ತಿರುಗಿ
ಪೆನ್ನಿನ ಟೋಪಿ ಹುಡುಕತೊಡಗಿದೆ.